ಗಾಜಿನ ಪೆಟ್ಟಿಗೆಯಲ್ಲಿ ಅಮ್ಮನ ಸಿನ್

ಚಿಯಾಂಗ್‌ಮಾಯ್ ಪಟ್ಟಣದ ಹಳೆಯ ಪೇಟೆಯಲ್ಲಿ, ಮೂವರು ರಾಜರ ಪ್ರತಿಮೆಯ ಹಿಂದಿನ ಓಣಿಯಲ್ಲಿ, ಬುವಾಫನ್ ಎಂದರೆ ಎರಡು ಕಾರಣಗಳಿಗಾಗಿ ಎಲ್ಲರಿಗೂ ಗೊತ್ತು. ಒಂದು, ಅವಳ ಅಕ್ಕಿಶಾವಿಗೆಯ ಸಾರು. ಟೊಮೇಟೊ ಹುಳಿ ಎಷ್ಟು ಬೇಕೋ ಅಷ್ಟು, ಒಣಗಿಸಿದ ಬೂರುಗದ ಹೂವಿನ ಕೇಸರ ಧಾರಾಳ. ಬೆಳಿಗ್ಗೆ ಒಲೆ ಹಚ್ಚಿದರೆ ಮಧ್ಯಾಹ್ನದೊಳಗೆ ಪಾತ್ರೆ ಬರಿದಾಗುತ್ತಿತ್ತು. ಇನ್ನೊಂದು, ಅವಳ ಮ್ಯೂಸಿಯಂ ಹುಚ್ಚು. ಬುಧವಾರ ಅಂಗಡಿಗೆ ರಜೆ. ಅಂದು ಅವಳು ತುರುಬು ಕಟ್ಟಿ, ಒಗೆದ ರವಿಕೆ ತೊಟ್ಟು, ಛತ್ರಿ ಹಿಡಿದು ಹೊರಟಳೆಂದರೆ ಓಣಿಯವರು ವಾರದ ಲೆಕ್ಕ ಹಿಡಿಯುತ್ತಿದ್ದರು.

"ಏನಕ್ಕಾ, ಇವತ್ತು ಯಾವ ರಾಜನ ಮನೆಗೆ ಸವಾರಿ?" ಎಂದು ಪಕ್ಕದ ಹಣ್ಣಿನಂಗಡಿಯ ಪ್ರಾಣೀ ಎಂಬವಳು ಕೂಗುವಳು.

"ಎಲ್ಲೋ ಒಂದು ಕಡೆ."

"ಹಳೇ ಮಡಕೆ ನೋಡಿ ನೋಡಿ ನಿನ್ನ ಮುಖಾನೂ ಮಡಕೆ ಥರ ಆಗಿದೆ ನೋಡು."

"ಆಗ್ಲಿ ಬಿಡೇ. ಒಡೆದ್ರೆ ಅಂಟಿಸಿ ಗಾಜಿನ ಪೆಟ್ಟಿಗೇಲಿ ಇಡ್ತಾರೆ. ನಿನ್ನ ಕೊಳೆತ ಕಲ್ಲಂಗಡೀನ ಯಾರು ಇಡ್ತಾರೆ?"

ಪ್ರಾಣೀ ನಗುವಳು, ಬುವಾಫನ್ ಕೂಡ ನಗುವಳು. ಆದರೆ ಓಣಿಯ ತಿರುವು ದಾಟಿದ ಮೇಲೆ ಆ ನಗು ಅವಳ ಮುಖದಲ್ಲಿ ಉಳಿಯುತ್ತಿರಲಿಲ್ಲ. ಆ ಕಡೆಯ ಶಾಲೆಯ ಶಿಕ್ಷಕಿಯೊಬ್ಬರು ಸಾರು ಕುಡಿಯಲು ಬಂದಾಗಲೆಲ್ಲ, "ನೋಡಿ, ಓದಿದವರಿಗೇ ಇಲ್ಲದ ಅಭಿರುಚಿ ಈಕೆಗಿದೆ" ಎಂದು ಜೊತೆಯವರಿಗೆ ಹೇಳುತ್ತಿದ್ದರು. ಬುವಾಫನ್ ತಲೆ ತಗ್ಗಿಸಿ ಬಟ್ಟಲಿಗೆ ಇನ್ನೊಂದು ಸೌಟು ಸಾರು ಹಾಕುತ್ತಿದ್ದಳು. ವಿನಯವೆಂದು ಅವರು ತಿಳಿದರು. ಅದು ವಿನಯವಾಗಿರಲಿಲ್ಲ.

ಅವಳಿಗೆ ನೋಡಬೇಕಾಗಿದ್ದುದು ಊರಿನ ಎಲ್ಲ ಮ್ಯೂಸಿಯಂಗಳಲ್ಲಿ ಒಂದೇ ಒಂದು ವಸ್ತು. ಆದರೆ ಅದರ ಬಳಿಗೆ ನೇರವಾಗಿ ಹೋಗುವ ಧೈರ್ಯ ಅವಳಿಗಿರಲಿಲ್ಲ. ಆದ್ದರಿಂದ ಸುತ್ತು ಹಾಕುತ್ತಿದ್ದಳು. ಮೊದಲು ಪ್ರತಿಮೆಯ ಎದುರಿನ ಇತಿಹಾಸದ ಕಟ್ಟಡ. ಅಲ್ಲಿ ಊರಿನ ಕೋಟೆ, ಕಂದಕಗಳನ್ನು ಆಟಿಕೆಯಷ್ಟು ಚಿಕ್ಕದಾಗಿ ಮಾಡಿಟ್ಟಿದ್ದರು. ಆಮೇಲೆ ಹಳೆಯ ಕಾಲದ ಮನೆಯೊಂದು. ಅಲ್ಲಿ ಹಗ್ಗ ಕಟ್ಟಿ ಕಾಪಾಡಿದ್ದ ಅನ್ನದ ಬುಟ್ಟಿ ಅವಳ ಮನೆಯ ಅಟ್ಟದ ಮೇಲೂ ಇತ್ತು, ಅದರಲ್ಲಿ ಈಗ ಬೆಳ್ಳುಳ್ಳಿ ತುಂಬಿತ್ತು. ಮತ್ತೆ ಹೊಸ ಚಿತ್ರಗಾರರ ಗ್ಯಾಲರಿ. ಅಲ್ಲಿ ಗೋಡೆಯುದ್ದದ ನೀಲಿ ಚಿತ್ರವೊಂದರ ಮುಂದೆ ಬೆಂಚಿತ್ತು, ತಣ್ಣನೆಯ ಗಾಳಿ ಬರುತ್ತಿತ್ತು. ಚಿತ್ರದಲ್ಲಿ ಏನಿದೆ ಎಂದು ಅವಳಿಗೆ ಎಂದೂ ತಿಳಿಯಲಿಲ್ಲ. ಆದರೂ ಅದರ ಮುಂದೆ ಕುಳಿತಾಗ ಯಾರೂ ಅವಳನ್ನು ಏನೂ ಕೇಳುತ್ತಿರಲಿಲ್ಲ, ಅದೇ ಸುಖ. ಹಳೆಯ ಫೋಟೋಗಳ ಕೋಣೆಯಲ್ಲಿ ಬೌದ್ಧ ವಿಹಾರಕ್ಕೆ ಹೊರಟ ಹೆಂಗಸರ ಸಾಲು ಇತ್ತು. ಉಳಿದವರು ಅವರ ಮುಖ ನೋಡುತ್ತಿದ್ದರು. ಬುವಾಫನ್ ಪಾದಗಳನ್ನು ನೋಡುತ್ತಿದ್ದಳು, ಪಾದಗಳ ಮೇಲೆ ಇಳಿಬಿದ್ದ, ಅವರು ಉಟ್ಟ ಸಿನ್‌ಗಳ ಅಂಚನ್ನು ನೋಡುತ್ತಿದ್ದಳು.

ಹೀಗೆ ಎಲ್ಲ ಸುತ್ತಿ, ಇನ್ನು ಬೇರೆ ನೆಪ ಉಳಿಯದಾದಾಗ, ಕಂದಕದ ಪಕ್ಕದ ತೇಗದ ಮನೆಯ ಮುಂದೆ ನಿಲ್ಲುತ್ತಿದ್ದಳು. ಅದು ಬಟ್ಟೆಗಳ ಮ್ಯೂಸಿಯಂ. ಬಾಗಿಲಲ್ಲಿ ಇಂತಾ ಎಂಬ ಕಾವಲುಗಾರ ಕುರ್ಚಿ ಹಾಕಿಕೊಂಡು ಕುಳಿತಿರುತ್ತಿದ್ದ.

"ಬಂದ್ರಾ ತಂಗಿ? ಈಗಷ್ಟೇ ಗಾಜು ಒರೆಸಿದೀನಿ. ಮೂಗು ಒತ್ತಿ ನೋಡ್ಬೇಡಿ ಮತ್ತೆ."

"ಒತ್ತಲ್ಲ ಬಿಡಣ್ಣ."

"ಹೋದ ವಾರಾನೂ ಹಿಂಗೇ ಅಂದ್ರಿ. ನೀವು ಹೋದ್ಮೇಲೆ ನೋಡ್ತೀನಿ, ಮೂಗಿನ ಗುರುತು ಹಂಗೇ ಇದೆ."

ಮೂರನೆಯ ಕೋಣೆಯ ಮೂಲೆಯಲ್ಲಿ ಆ ಗಾಜಿನ ಪೆಟ್ಟಿಗೆ. ಒಳಗೆ ತೂಗುಹಾಕಿದ ಒಂದು ಸಿನ್, ಸೊಂಟದಿಂದ ಪಾದದವರೆಗೆ ಹೆಂಗಸರು ಸುತ್ತಿಕೊಳ್ಳುವ ಉಡುಗೆ. ಮೇಲ್ಭಾಗ ಸಾದಾ. ಕೆಳಗಿನ ಪಾದದಂಚು ಮಾತ್ರ ಕೆಂಪು ನೆಲದ ಮೇಲೆ ಹಳದಿ ಹಕ್ಕಿಗಳು, ಎರಡೆರಡು ಹಕ್ಕಿಗೆ ಒಂದೊಂದು ಬಟ್ಟಲು, ಒಂದೇ ಬಟ್ಟಲಿಗೆ ಎರಡೂ ಕೊಕ್ಕು. ಹಕ್ಕಿಗಳ ಕಣ್ಣುಗಳೆಲ್ಲ ಕಪ್ಪು. ಒಂದು ಹಕ್ಕಿಯ ಕಣ್ಣು ಮಾತ್ರ ಹಸಿರು. ಕೆಳಗೆ ಚೀಟಿ: "ಮೇಚೇಮ್‌ನ ನುವಾನ್ ನೇಯ್ದದ್ದು. ಮಗಳು ಬುವಾಫನ್ ಅವರ ಕೊಡುಗೆ."

ಕೊಡುಗೆ ಎಂಬ ಮಾತಿಗೆ ಬಂದಾಗ ಅವಳ ಕಣ್ಣು ಪ್ರತಿ ಸಲವೂ ಚೀಟಿ ಬಿಟ್ಟು ಹಕ್ಕಿಗಳ ಕಡೆ ಹೋಗುತ್ತಿತ್ತು.

ನುವಾನ್ ಅವಳ ತಾಯಿ. ದೊಡ್ಡ ಬೆಟ್ಟದ ಆಚೆಯ ಮೇಚೇಮ್ ಕಣಿವೆಯಲ್ಲಿ, ಮುಳ್ಳುಹಂದಿಯ ಮುಳ್ಳಿನಿಂದ ದಾರ ಎತ್ತಿ ಎತ್ತಿ ಪಾದದಂಚು ನೇಯುವ ಮನೆಯಲ್ಲಿ ಹುಟ್ಟಿದವಳು. ಆ ಕಡೆಯ ಹೆಂಗಸರು ಪ್ರಾಯದಲ್ಲಿ ಕೈ ಚುರುಕಾಗಿರುವಾಗಲೇ ಒಂದು ಸಿನ್ ನೇಯ್ದು ತೆಗೆದಿಡುತ್ತಾರೆ. ಅದನ್ನು ಮದುವೆಗೂ ಉಡುವುದಿಲ್ಲ, ಹಬ್ಬಕ್ಕೂ ಉಡುವುದಿಲ್ಲ. ಅದು ಕೊನೆಯ ದಿನಕ್ಕೆ. ಮೈಗೆ ಅದನ್ನು ಉಡಿಸಿ, ಕೈಯಲ್ಲಿ ಬಾಳೆಯೆಲೆಯ ಹೂವಿನ ಪೊಟ್ಟಣ ಇಟ್ಟು ಕಳಿಸಿದರೆ, ಸತ್ತವಳು ಸ್ವರ್ಗದ ಚೂಳಾಮಣಿ ಚೈತ್ಯಕ್ಕೆ ಹೋಗಿ ಕೈಮುಗಿಯುತ್ತಾಳೆ ಎಂದು ನಂಬಿಕೆ.

"ಅಲ್ಲಿ ಜನ ತುಂಬಿರ್ತಾರೆ ಕಣೇ," ಎಂದು ನುವಾನ್ ಮಗಳಿಗೆ ಹೇಳುತ್ತಿದ್ದಳು. "ಮುಖ ಯಾರು ನೋಡ್ತಾರೆ? ವಯಸ್ಸಾದ್ಮೇಲೆ ಎಲ್ಲಾ ಮುಖಾನೂ ಒಂದೇ. ನಮ್ಮಮ್ಮ, ನಮ್ಮಜ್ಜಿ ಕಾಲು ನೋಡ್ತಾರೆ. ಹಸಿರು ಕಣ್ಣಿನ ಹಕ್ಕಿ ಕಂಡ್ರೆ, ಓ ಇವಳು ನಮ್ಮವಳು ಅಂತ ಕರೀತಾರೆ. ಅದಿಲ್ದೆ ಹೋದ್ರೆ ಬಾಗಿಲ ಹೊರಗೇ ನಿಂತಿರ್ಬೇಕು."

ಆ ಹಸಿರು ಕಣ್ಣು ಅವರ ಮನೆತನದ ಗುರುತು. ತಾಯಿಯಿಂದ ಮಗಳಿಗೆ ಬರುವಂಥದು. ಬುವಾಫನ್‌ಗೆ ಮಾತ್ರ ಬರಲಿಲ್ಲ. ಮುಳ್ಳು ಹಿಡಿದರೆ ಅವಳ ಬೆರಳು ಬೆವರುತ್ತಿತ್ತು, ದಾರ ತಪ್ಪುತ್ತಿತ್ತು, ಹಕ್ಕಿ ಹೋಗಿ ಕಪ್ಪೆಯಾಗುತ್ತಿತ್ತು. ತಾಯಿ ಒಂದು ದಿನವೂ ಬೈಯಲಿಲ್ಲ. ಸುಮ್ಮನೆ ಬಿಚ್ಚಿ ತಾನೇ ನೇಯುತ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತೇನೋ. ಹತ್ತೊಂಬತ್ತಕ್ಕೆ ಬುವಾಫನ್ ಪಟ್ಟಣಕ್ಕೆ ಬಂದಳು, ಶಾವಿಗೆ ಅಂಗಡಿಯೊಂದರಲ್ಲಿ ಪಾತ್ರೆ ತೊಳೆದಳು, ಆ ಅಂಗಡಿಯವನ ಮಗನನ್ನೇ ಮದುವೆಯಾದಳು. ಗಂಡ ತೀರಿಕೊಂಡ ಮೇಲೆ ಅಂಗಡಿ ಅವಳದೇ ಆಯಿತು. ತಾಯಿಯ ಕಣ್ಣಿಗೆ ಪೊರೆ ಬಂದಾಗ ಊರಿಂದ ಕರೆದುಕೊಂಡು ಬಂದು ತನ್ನ ಬಳಿ ಇಟ್ಟುಕೊಂಡಳು. ಮುದುಕಿ ಬರುವಾಗ ಬೇರೇನೂ ತರಲಿಲ್ಲ. ಒಂದು ಬಿದಿರಿನ ಬುಟ್ಟಿ ತಂದಳು. ಅದರೊಳಗೆ ಆ ಸಿನ್.

ಬಟ್ಟೆ ಮ್ಯೂಸಿಯಂ ಅನ್ನು ಕಟ್ಟಿದವರು ವಿಮೊನ್ ಎಂಬ ಹಿರಿಯ ಹೆಂಗಸು. ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ ನಿವೃತ್ತರಾದವರು; ಎಲ್ಲರೂ ಅವರನ್ನು ಆಚಾನ್, ಅಂದರೆ ಗುರುಗಳು, ಎಂದೇ ಕರೆಯುತ್ತಿದ್ದರು. ಒಂದು ದಿನ ಅವರು ಶಾವಿಗೆ ತಿನ್ನಲು ಬಂದಾಗ ಮಾತಿಗೆ ಮಾತು ಸೇರಿ ಮೇಚೇಮ್ ವಿಷಯ ಬಂತು. ಬುವಾಫನ್ ಒಳಗೆ ಹೋಗಿ ಬುಟ್ಟಿಯಿಂದ ಸಿನ್ ತಂದು ತೋರಿಸಿದಳು. ಆಚಾನ್ ಎದ್ದು ನಿಂತು, ಕೈ ಒರೆಸಿಕೊಂಡು, ಅದನ್ನು ಮಗುವಿನಂತೆ ಎತ್ತಿಕೊಂಡರು.

"ಇದು ನಿಮ್ಮ ಮನೆತನದ್ದಾ?"

ಜೀವನದಲ್ಲಿ ಮೊದಲ ಸಲ ಯಾರೋ ದೊಡ್ಡವರು ಬುವಾಫನ್‌ಳ ಮನೆತನದ ಮಾತು ಎತ್ತಿದ್ದರು. "ಹೌದು ಆಚಾನ್. ನಮ್ಮನೇದೇ," ಎಂದಳು. ಎದೆ ಉಬ್ಬಿತ್ತು.

"ಒಂದಷ್ಟು ತಿಂಗಳು ಪ್ರದರ್ಶನಕ್ಕೆ ಕೊಡ್ತೀರಾ? ಅಮ್ಮನ ಒಪ್ಪಿಗೆ ಇದೆಯಲ್ಲ?"

"ಇದೆ," ಎಂದಳು ಬುವಾಫನ್. ತಾಯಿ ಗೋಡೆಯ ಆಚೆ ಮಲಗಿದ್ದಳು. ಎದ್ದು ಹೋಗಿ ಕೇಳಬಹುದಾಗಿತ್ತು.

ಪ್ರದರ್ಶನದ ದಿನ ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು, ಕೊರಳಿಗೆ ಮಲ್ಲಿಗೆ ಹಾಕಿದರು, ಗಾಜಿನ ಪಕ್ಕ ನಿಲ್ಲಿಸಿ ಫೋಟೋ ತೆಗೆದರು. ಹಕ್ಕಿಯನ್ನು ಕಪ್ಪೆ ಮಾಡಿದ ಕೈಗೆ ಎಲ್ಲರೂ ಕೈಮುಗಿದರು. ತಿಂಗಳುಗಳು ಕಳೆದವು, ಆಚಾನ್, "ಇನ್ನೂ ಇರಲೇ?" ಎಂದು ಕೇಳಿದಾಗ, "ಇರಲಿ, ಇಲ್ಲೇ ಇರಲಿ" ಎಂದಳು. ಆಗಲೇ ಚೀಟಿಯಲ್ಲಿ ಕೊಡುಗೆ ಎಂಬ ಮಾತು ಸೇರಿದ್ದು.

ಮನೆಯಲ್ಲಿ ಬುಟ್ಟಿ ಬರಿದಾಗಿ ಇರುವಂತಿರಲಿಲ್ಲ. ಉಪೋಸಥದ, ಅಂದರೆ ಬೌದ್ಧರ ವ್ರತದ, ದಿನಗಳಲ್ಲಿ ನುವಾನ್ ಬುಟ್ಟಿ ತರಿಸಿಕೊಂಡು, ಮುಚ್ಚಳ ತೆಗೆದು, ಒಳಗೆ ಕೈಯಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿರುತ್ತಿದ್ದಳು. ಬುವಾಫನ್ ನದಿಯ ಕಡೆಯ ದೊಡ್ಡ ಮಾರುಕಟ್ಟೆಗೆ ಹೋಗಿ, ಕೆಂಪಂಚಿನ ಒಂದು ಸಿನ್ ತಂದು ಬುಟ್ಟಿಯಲ್ಲಿ ಮಡಿಸಿಟ್ಟಳು. ಯಂತ್ರದಲ್ಲಿ ನೇಯ್ದದ್ದು.

ಮುಂದಿನ ಉಪೋಸಥದಂದು ಮುದುಕಿಯ ಬೆರಳು ಅಂಚಿನ ಮೇಲೆ ಓಡಿತು, ನಿಂತಿತು.

"ಇದ್ಯಾಕೇ ಇಷ್ಟು ಒರಟಾಗಿದೆ?"

"ಹಳೇದಾಯ್ತಲ್ಲಮ್ಮ."

"ಹೌದು," ಎಂದಳು ನುವಾನ್. "ನನ್ನ ಹಂಗೇ."

ಮುಚ್ಚಳ ಮುಚ್ಚಿ ಬುಟ್ಟಿಯನ್ನು ಮಗಳ ಕಡೆಗೆ ತಳ್ಳಿದಳು. ಆಮೇಲೆ ಅವಳು ಬುಟ್ಟಿಯನ್ನು ಕೇಳಲಿಲ್ಲ. ನಂಬಿದಳೋ, ನಂಬಲಿಲ್ಲವೋ, ಆ ಪ್ರಶ್ನೆ ಬುವಾಫನ್‌ಳ ತಲೆಯಲ್ಲಿ ಉಳಿದುಹೋಯಿತು.

ಹೋದ ವರ್ಷ, ಹೊಸ ವರ್ಷದ ಸೋಂಕ್ರಾನ್ ಹಬ್ಬದಲ್ಲಿ, ಊರೆಲ್ಲ ಬೀದಿಯಲ್ಲಿ ನೀರೆರಚಿಕೊಂಡು ಕುಣಿಯುತ್ತಿರುವಾಗ, ನುವಾನ್ ಊಟವಾದ ಮೇಲೆ ಗೋಡೆಗೊರಗಿ ಕುಳಿತವಳು ಹಾಗೆಯೇ ಹೋದಳು. ಮೇಚೇಮ್‌ನಿಂದ ಅವಳ ತಂಗಿ ಫಾಯ್ ಬಂದಳು. ನೆರೆಯವರು ಸೇರಿದರು. ಬುವಾಫನ್ ಬುಟ್ಟಿ ತಂದಳು. ಫಾಯ್ ಅಕ್ಕನಿಗೆ ಸಿನ್ ಉಡಿಸಿ ಸೊಂಟಕ್ಕೆ ಗಂಟು ಹಾಕಿದಳು. ಚಿತೆಯಲ್ಲಿ ಮಾರುಕಟ್ಟೆಯ ಬಟ್ಟೆ ಉರಿಯಿತು.

ಅಂದಿನಿಂದ ಬುವಾಫನ್‌ಗೆ ಕಣ್ಣು ಮುಚ್ಚಿದರೆ ಒಂದೇ ನೋಟ. ಎತ್ತರದ ಬಾಗಿಲು, ಹೆಂಗಸರು ಗುಂಪು ಗುಂಪಾಗಿ ಒಳಗೆ ಹೋಗುತ್ತಿದ್ದಾರೆ, ಒಳಗಿನಿಂದ ಯಾರೋ ಒಬ್ಬೊಬ್ಬರ ಕಾಲು ನೋಡಿ ಹೆಸರು ಕೂಗುತ್ತಿದ್ದಾರೆ. ಅಮ್ಮ ಹೂವಿನ ಪೊಟ್ಟಣ ಹಿಡಿದು ಹೊರಗೆ ನಿಂತಿದ್ದಾಳೆ. ಪೊರೆ ಬಂದ ಕಣ್ಣು; ತಾನು ಏನು ಉಟ್ಟಿದ್ದೇನೆಂದು ಅವಳಿಗೇ ಕಾಣುವುದಿಲ್ಲ. ಈಗ ಕರೆಯುತ್ತಾರೆ, ಈಗ ಕರೆಯುತ್ತಾರೆ ಎಂದು ಕಾಯುತ್ತಿದ್ದಾಳೆ.

ವಿಹಾರಕ್ಕೆ ಅನ್ನದ ತಟ್ಟೆ ಅರ್ಪಿಸಿದಳು, ಹೊಸ ಸಿನ್ ಅರ್ಪಿಸಿದಳು, ನೀರು ಬಿಟ್ಟಳು. ಸಮಾಧಾನವಾಗಲಿಲ್ಲ. ಹಾಗೆ ಶುರುವಾದದ್ದು ಅವಳ ಬುಧವಾರದ ಮ್ಯೂಸಿಯಂ ಸುತ್ತಾಟ.

ಈ ವರ್ಷ ಮಳೆಗಾಲದ ಕೊನೆಗೆ, ಅಲ್ಲಿನ ಪಂಚಾಂಗದ ಹನ್ನೆರಡನೆಯ ತಿಂಗಳ ಹುಣ್ಣಿಮೆ ಹತ್ತಿರ ಬಂದಿತು. ಸತ್ತವರನ್ನು ಬಾಗಿಲು ತೆರೆದು ಬಿಡುವ ದಿನ ಅದು. ಅವರು ಮನೆಯವರ ಹತ್ತಿರ ಬಂದು ಅರ್ಪಿಸಿದ್ದನ್ನು ಕೊಂಡೊಯ್ಯುತ್ತಾರೆ. ಅದರ ಹಿಂದಿನ ದಿನ, ಬುಧವಾರವೇ, ಬೆಳಿಗ್ಗೆ ಫಾಯ್ ಹಳದಿ ವ್ಯಾನಿನಿಂದ ಇಳಿದಳು. ಹೆಗಲಲ್ಲಿ ಚೀಲ, ದವಡೆಯಲ್ಲಿ ಹುಳಿಸಿದ ಚಹಾ ಎಲೆಯ ಉಂಡೆ.

"ಅಬ್ಬಬ್ಬಾ, ಆ ಬೆಟ್ಟದ ತಿರುವಲ್ಲಿ ಒಬ್ಬ ಹುಡುಗ ನನ್ನ ಮಡಿಲಿಗೇ ವಾಂತಿ ಮಾಡೋದ್ರಲ್ಲಿದ್ದ. ಏ ಮಗಾ, ಆ ಕಡೆ ಬೆಟ್ಟ ಇದೆ ನೋಡು, ಅದಕ್ಕೆ ಮಾಡು ಅಂದೆ. ಇಲ್ಲಿ ನೋಡು, ಅಕ್ಕನ ಹೆಸರಲ್ಲಿ ನೀರು ಬಿಡೋಕೆ ಅಂತ ಸೀಗೆಕಾಯಿ ತಂದಿದೀನಿ, ನಮ್ಮ ಬೇಲೀದೇ. ನೀನ್ಯಾಕೆ ಇಷ್ಟು ಸೊರಗಿದೀಯ?"

"ಏನಿಲ್ಲ ಚಿಕ್ಕಮ್ಮ. ಸೆಖೆ."

"ಸೆಖೆಗೆ ಬೆವರು ಬರತ್ತೆ, ಮೂಳೆ ಬರಲ್ಲ." ಫಾಯ್ ಎಲೆಯುಂಡೆಯನ್ನು ಇನ್ನೊಂದು ದವಡೆಗೆ ಸರಿಸಿದಳು. "ಪ್ರಾಣೀ ಹೇಳಿದ್ಲು, ನೀನು ಮ್ಯೂಸಿಯಂ ನೋಡೋಕೆ ಹೋಗ್ತೀಯಂತೆ, ವಾರಾವಾರ. ಇವತ್ತು ನನ್ನನ್ನೂ ಕರ್ಕೊಂಡು ಹೋಗು."

"ನಿಮ್ಮ ಮಂಡಿ ನೋವಿಗೆ ಅದೆಲ್ಲಾ..."

"ಮಂಡಿ ನಂದು. ನೀನು ನಡಿ."

ಬುವಾಫನ್ ಅವಳನ್ನು ಇತಿಹಾಸದ ಕಟ್ಟಡಕ್ಕೆ ಕರೆದೊಯ್ದಳು. ಚಿಕ್ಕ ಕೋಟೆ, ಚಿಕ್ಕ ಕಂದಕ ತೋರಿಸಿದಳು. "ಇಷ್ಟೇನಾ? ಇದನ್ನ ನಮ್ಮ ಕೋಳಿ ದಾಟ್ತದೆ," ಎಂದಳು ಫಾಯ್. ಹಳೆಯ ಮನೆಗೆ ಹೋದರು. ಹಗ್ಗದಾಚೆಯ ಅಡುಗೆಮನೆ ನೋಡಿ, "ಒಲೆಗೆ ಬೂದಿ ಹಾಕೋದು ಮರೆತಿದಾರೆ," ಎಂದಳು. ಗ್ಯಾಲರಿಯ ನೀಲಿ ಚಿತ್ರದ ಮುಂದಿನ ಬೆಂಚಿನ ಮೇಲೆ ಇಬ್ಬರೂ ಕುಳಿತರು. ಫಾಯ್ ಬಹಳ ಹೊತ್ತು ಚಿತ್ರವನ್ನೇ ನೋಡಿದಳು.

"ಇದರಲ್ಲಿ ಏನೇ ಇದೆ?"

"ಗೊತ್ತಿಲ್ಲ ಚಿಕ್ಕಮ್ಮ."

"ಮತ್ತೆ ಯಾಕೆ ಬಂದು ಕೂರ್ತೀಯ?"

ಬುವಾಫನ್ ಬಾಟಲಿಯ ನೀರು ಕುಡಿದಳು.

"ಬಟ್ಟೇದು ಇನ್ನೊಂದಿದೆಯಂತಲ್ಲ, ಕಂದಕದ ಹತ್ರ," ಎಂದಳು ಫಾಯ್, ಚಿತ್ರದಿಂದ ಕಣ್ಣು ತೆಗೆಯದೆ. "ಅದನ್ನ ತೋರಿಸೋಕೆ ಏನು ನಿಂಗೆ?"

ಇಬ್ಬರೂ ತೇಗದ ಮನೆಗೆ ಬಂದರು. ಇಂತಾ ಬಾಗಿಲಲ್ಲಿ ಎದ್ದು ನಿಂತು, "ಇವತ್ತು ಎರಡು ಮೂಗು ತಂದಿದೀರಾ ತಂಗಿ?" ಎಂದ, ಬುವಾಫನ್‌ಳ ಮುಖ ಕಂಡು ಮತ್ತೆ ಕುಳಿತುಬಿಟ್ಟ.

ಫಾಯ್ ಮೊದಲ ಕೋಣೆಯನ್ನು ನೋಡಲಿಲ್ಲ, ಎರಡನೆಯದನ್ನೂ ನೋಡಲಿಲ್ಲ. ಮೂರನೆಯ ಕೋಣೆಯಲ್ಲಿ ಗಾಜಿನ ಮುಂದೆ ನಿಂತು, ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡಳು. ಅವಳ ಬೆರಳು ಗಾಜಿನ ಮೇಲೆ ಹಕ್ಕಿಯಿಂದ ಹಕ್ಕಿಗೆ ಸರಿಯುತ್ತ ಹೋಯಿತು. ಒಂದು ಕಡೆ ನಿಂತಿತು.

"ಇಲ್ಲಿದೆ ಕಣ್ಣು," ಎಂದಳು. "ನಾನೂ ಅಕ್ಕನೂ ಒಂದೇ ಮಳೆಗಾಲದಲ್ಲಿ ನೇಯ್ದಿದ್ದು. ನಂದರಲ್ಲಿ ಹಸಿರು ಬಲಗಡೆ ಹಕ್ಕಿಗೆ, ಅವಳದ್ರಲ್ಲಿ ಎಡಗಡೆ ಹಕ್ಕಿಗೆ. ಹಂಚಿಕೊಂಡಿದ್ವಿ."

"ಚಿಕ್ಕಮ್ಮ, ನಿಮಗೆ ಗೊತ್ತಿತ್ತಾ?"

"ಸೊಂಟಕ್ಕೆ ಗಂಟು ಹಾಕಿದೋಳು ನಾನು ಕಣೇ. ಅಂಚು ಬೆರಳಿಗೆ ಸಿಕ್ಕಿದ ತಕ್ಷಣ ಗೊತ್ತಾಯ್ತು."

"ಯಾಕೆ ಆಗಲೇ ಕೇಳಲಿಲ್ಲ?"

"ಅಕ್ಕನ್ನ ಮಲಗಿಸಿಟ್ಟು ಜಗಳ ಆಡ್ಲಾ? ನೀನೇ ಹೇಳ್ತೀಯ ಅಂತ ಕಾದೆ. ಹೋದ ವರ್ಷ ಕಾದೆ, ಈ ವರ್ಷ ಕಾದೆ. ನೀನು ನನಗೆ ನೀಲಿ ಗೋಡೆ ತೋರಿಸ್ತಾ ಕೂತೆ."

"ಹಬ್ಬ ಚಿಕ್ಕಮ್ಮ ಅವತ್ತು," ಎಂದಳು ಬುವಾಫನ್. ಮಾತು ತಾನಾಗಿಯೇ ಬಂದುಬಿಟ್ಟಿತು. ಒಂದೂವರೆ ವರ್ಷದಿಂದ ತನಗೆ ತಾನೇ ಹೇಳಿಕೊಂಡು ಹದವಾಗಿದ್ದ ಮಾತು. "ಮ್ಯೂಸಿಯಂ ಬಾಗಿಲು ಹಾಕಿತ್ತು. ಯಾರೂ ಇರಲಿಲ್ಲ. ತರೋಣ ಅಂದ್ರೂ ತರೋ ಹಂಗಿರಲಿಲ್ಲ."

ಹಿಂದಿನ ಬಾಗಿಲಿನಿಂದ ಆಚಾನ್ ವಿಮೊನ್ ಬಂದರು. ಇಂತಾ ಹೋಗಿ ಹೇಳಿದ್ದನೆಂದು ಕಾಣುತ್ತದೆ. ನಗುತ್ತ ಕೈಮುಗಿದು, ಫಾಯ್ ಯಾರೆಂದು ತಿಳಿದ ಕೂಡಲೇ ಅವಳ ಎರಡೂ ಕೈ ಹಿಡಿದುಕೊಂಡರು.

"ನುವಾನ್ ಅವರ ತಂಗಿನಾ! ಬನ್ನಿ, ಕೂತ್ಕೊಳ್ಳಿ. ಅವರು ಹೋಗಿದ್ದು ನಂಗೆ ಹೋದ ವರ್ಷ ಮಳೆಗಾಲದಲ್ಲಿ ಗೊತ್ತಾಯ್ತು, ಅದೂ ಯಾರೋ ಹೇಳಿ. ಬುವಾಫನ್, ನನಗೆ ಒಂದು ಮಾತು ತಿಳಿಸಬಾರ್ದಿತ್ತಾ? ಸೋಂಕ್ರಾನ್ ಪೂರ್ತಿ ನಾನು ಇಲ್ಲೇ ಹಿತ್ತಲ ಮನೇಲೇ ಇದ್ದೆ. ಬೀಗದ ಕೈ ನನ್ನ ಹತ್ರಾನೇ. ಒಂದು ಫೋನ್ ಮಾಡಿದ್ರೆ ನಾನೇ ಸಿನ್ ತಂದು ಕೊಡ್ತಿದ್ದೆ."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಫಾಯ್ ಕನ್ನಡಕ ತೆಗೆದು ಬುವಾಫನ್‌ಳನ್ನು ನೋಡಿದಳು. ಸಿಟ್ಟಿನಿಂದಲ್ಲ. ಇನ್ನೊಂದು ಸುಳ್ಳು ಬರುತ್ತದೆಯೋ ಎಂದು ಕಾಯುವವಳಂತೆ.

ಬುವಾಫನ್ ನೆಲದ ಮೇಲೆ ಕುಳಿತಳು.

"ಫೋನ್ ಕೈಯಲ್ಲೇ ಇತ್ತು ಚಿಕ್ಕಮ್ಮ," ಎಂದಳು. "ನಂಬರ್ ಒತ್ತಿದ್ದೆ ಕೂಡ. ಮನೆ ತುಂಬ ಜನ. ಅಮ್ಮನ ಸಿನ್ ಮ್ಯೂಸಿಯಂನಿಂದ ಬಂತು ಅಂದ್ರೆ ಎಲ್ಲಾರಿಗೂ ಗೊತ್ತಾಗ್ತಿತ್ತು, ಕೇಳದೆ ಕೊಟ್ಟಿದ್ದೆ ಅಂತ. ನಾಚಿಕೆ ಆಯ್ತು. ಫೋನ್ ಕೆಳಗಿಟ್ಟು ಬುಟ್ಟಿ ತಂದೆ. ನನ್ನ ಮಾನ ಉಳೀತು. ಅಮ್ಮ ಹೊರಗೆ ನಿಂತಳು."

ಆಚಾನ್‌ರ ಮುಖ ಬಾಡಿತು. "ಅವರ ಒಪ್ಪಿಗೆ ಇದೆ ಅಂದಿದ್ರಲ್ಲ," ಎಂದು ಆರಂಭಿಸಿದವರು ಅಲ್ಲಿಗೇ ನಿಲ್ಲಿಸಿ, ಸೊಂಟದಿಂದ ಬೀಗದ ಕೈ ತೆಗೆದು ಗಾಜಿನ ಬಾಗಿಲು ತೆರೆದರು. "ತಗೊಂಡು ಹೋಗಿ. ನಾಳೆ ಹುಣ್ಣಿಮೆ. ಅರ್ಪಿಸ್ತೀರೋ, ಸುಡ್ತೀರೋ, ನಿಮ್ಮಿಷ್ಟ. ಇದು ಯಾವತ್ತೂ ನಮ್ಮದಾಗಿರಲೇ ಇಲ್ಲ."

ಬುವಾಫನ್ ಇದಕ್ಕಾಗಿಯೇ ಕಾದಿದ್ದಳು. ಕೈ ಚಾಚಿದಳು. ಫಾಯ್ ಅವಳ ಕೈಯನ್ನು ಮೆಲ್ಲಗೆ ಕೆಳಗೆ ಒತ್ತಿದಳು.

"ಈಗ ಸುಟ್ಟರೆ ಯಾರಿಗೆ ತಲುಪತ್ತೆ? ಹೊರಟೋಳು ಹೊರಟಳು. ಹಿಂದೆ ಓಡಿಹೋಗಿ ಉಡಿಸ್ತೀಯಾ?" ಎಂದು, ತೆರೆದ ಪೆಟ್ಟಿಗೆಯೊಳಗೆ ಕೈಯಿಟ್ಟು ಅಂಚನ್ನು ಬೆರಳುಗಳ ನಡುವೆ ಹಿಡಿದು ನೋಡಿದಳು. "ಮನೆಗೆ ಕೊಟ್ರೆ ಇವಳು ಬುಟ್ಟೀಲಿಟ್ಟು ಮುಚ್ಚಳ ಹಾಕ್ತಾಳೆ, ಆಯ್ತು ಮುಗೀತು ಅಂದ್ಕೋತಾಳೆ. ಇಲ್ಲೇ ಇರ್ಲಿ ಆಚಾನ್. ಬಂದು ನೋಡ್ತಿರ್ಲಿ."

ಆಮೇಲೆ ಚೀಲ ಹೆಗಲಿಗೇರಿಸಿ, "ಬಾ ಹೊರಗೆ. ಕ್ಷಮೆ ಕೇಳ್ಬೇಕು ಅಂದ್ರೆ ನೀರು ಬೇಕು," ಎಂದಳು.

ಮ್ಯೂಸಿಯಂ ಒಳಗೆ ನೀರು ತರುವಂತಿರಲಿಲ್ಲ. ಅಂಗಳದ ಸಂಪಿಗೆಯ ಕೆಳಗೆ ಕಲ್ಲಿನ ಕಟ್ಟೆಯಿತ್ತು. ಇಂತಾ ಕೇಳದೆಯೇ ತನ್ನ ಊಟದ ಬಟ್ಟಲನ್ನು ತೊಳೆದು ನೀರು ತುಂಬಿ ತಂದಿಟ್ಟ. ಫಾಯ್ ಬೆಂಕಿಯಲ್ಲಿ ಬಾಡಿಸಿ ತಂದಿದ್ದ ಸೀಗೆಕಾಯಿಯನ್ನು ಮುರಿದು ಅದರಲ್ಲಿ ಹಾಕಿದಳು. ಬುವಾಫನ್ ನೆಲಕ್ಕೆ ಬಿದ್ದಿದ್ದ ಸಂಪಿಗೆ ಹೂಗಳನ್ನು ಆಯ್ದು ನೀರಿನ ಮೇಲೆ ತೇಲಿಬಿಟ್ಟಳು. ಹಿರಿಯರ ಕ್ಷಮೆ ಕೇಳುವ ಕ್ರಮ ಅದು. ಚಿಕ್ಕವಳಾಗಿದ್ದಾಗ ಪ್ರತಿ ಹೊಸ ವರ್ಷ ಅಮ್ಮನ ಕಾಲ ಬಳಿ ಮಾಡಿದ್ದಳು. ಆಗೆಲ್ಲ ಏನು ತಪ್ಪು ಮಾಡಿದ್ದೇನೆಂದು ಯೋಚಿಸದೆಯೇ ಹೇಳುತ್ತಿದ್ದಳು. ಇಂದು ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಮಾಡಿದ್ದನ್ನೆಲ್ಲ ಮೊದಲಿನಿಂದ ಒಂದೊಂದಾಗಿ ಹೇಳಿದಳು. ಗೋಡೆಯಾಚೆ ಮಲಗಿದ್ದ ಅಮ್ಮನನ್ನು ಕೇಳದೆ ಕೊಟ್ಟದ್ದು. ಕೊರಳ ಮಲ್ಲಿಗೆ. ಒರಟಾಗಿದೆ ಎಂದಾಗ ಹಳೇದಾಯ್ತು ಎಂದದ್ದು. ಫೋನ್. ಈಗಷ್ಟೇ ಹೇಳಿದ ಸುಳ್ಳು.

ಫಾಯ್ ನೀರಿನಲ್ಲಿ ಬೆರಳದ್ದಿ ಅವಳ ತಲೆಯ ಮೇಲೆ ಚಿಮುಕಿಸಿದಳು.

"ನನ್ನ ಪಾಲಿಂದು ನಾನು ಕ್ಷಮಿಸಿ ಬಿಟ್ಟಿದೀನಿ. ಗಂಟು ಹಾಕುವಾಗ ನನ್ನ ಕೈಯಲ್ಲೂ ಸುಳ್ಳು ಕಟ್ಟಿಸಿದೆಯಲ್ಲ, ಅದನ್ನ. ಅಕ್ಕನ ಪಾಲಿಂದು ನನ್ನ ಹತ್ರ ಇಲ್ಲ. ಅವಳ ಪರವಾಗಿ ಹೇಳೋಕೆ ನಾನ್ಯಾರು?"

"ಮತ್ತೆ ಅವಳು ಅಲ್ಲೇ ನಿಂತಿರ್ಬೇಕಾ ಚಿಕ್ಕಮ್ಮ?"

ಮುದುಕಿ ದವಡೆಯ ಎಲೆಯುಂಡೆಯನ್ನು ತೆಗೆದು ಸಂಪಿಗೆಯ ಬುಡಕ್ಕೆ ಎಸೆದಳು.

"ನಂದು ಇನ್ನೂ ಪೆಟ್ಟಿಗೇಲಿದೆ," ಎಂದಳು. "ಅದೇ ಹಕ್ಕಿ, ಅದೇ ಕಣ್ಣು. ಅದನ್ನ ಉಟ್ಟುಕೊಂಡು ನಾನು ಹೋದಾಗ ನಮ್ಮಮ್ಮ ಕಾಲು ನೋಡಿ ಕರೀತಾಳೆ. ತಡಿಯಮ್ಮ, ಇಲ್ಲೊಬ್ಬಳು ಕಾಯ್ತಿದಾಳೆ ಅಂತ ಅಕ್ಕನ ಕೈ ಹಿಡಿದು ಎಳ್ಕೊಂಡು ಒಳಗೆ ಹೋಗ್ತೀನಿ. ನೂಕುನುಗ್ಗಲಲ್ಲಿ ನಾನು ಯಾವತ್ತೂ ಹಿಂದೆ ಬಿದ್ದೋಳಲ್ಲ."

ಬುವಾಫನ್ ಅಳುತ್ತಿದ್ದಳು.

"ಅತ್ತಿದ್ದು ಸಾಕು. ಒಂದು ಮಾತು. ನಂಗೆ ಮಕ್ಕಳಿಲ್ಲ. ನನಗೆ ಉಡಿಸೋಳು ನೀನೇ. ನನ್ನ ಪೆಟ್ಟಿಗೆ ತೆಗೆದು, ಸಿನ್ ಕೈಯಲ್ಲಿ ಹಿಡಿದು, ಕಣ್ಣು ಎಲ್ಲಿದೆ ಅಂತ ಬೆರಳಲ್ಲಿ ಮುಟ್ಟಿ ನೋಡಿ ಆಮೇಲೆ ಉಡಿಸ್ಬೇಕು. ಆಗ್ತದಾ?"

"ನನ್ನನ್ನ ನಂಬ್ತೀರಾ?"

"ಇಲ್ಲ," ಎಂದಳು ಫಾಯ್, ಮಂಡಿ ಹಿಡಿದು ಏಳುತ್ತ. "ಅದಕ್ಕೇ ಈಗಲೇ ಹೇಳ್ತಿರೋದು. ಕೈ ಕೊಡು."

ಮರುದಿನ ಹುಣ್ಣಿಮೆಗೆ ಇಬ್ಬರೂ ವಿಹಾರದಲ್ಲಿ ನುವಾನ್ ಹೆಸರಿನಲ್ಲಿ ತಟ್ಟೆ ಅರ್ಪಿಸಿದರು. ಫಾಯ್ ಊರಿಗೆ ಹೋದಳು. ಬುವಾಫನ್ ಈಗ ಬುಧವಾರ ಎಲ್ಲಿಯೂ ಸುತ್ತುವುದಿಲ್ಲ. ನೀಲಿ ಚಿತ್ರದ ಮುಂದಿನ ಬೆಂಚಿಗೆ ಹೋಗುವುದಿಲ್ಲ. ನೇರವಾಗಿ ತೇಗದ ಮನೆಗೆ ಹೋಗುತ್ತಾಳೆ. ಆಚಾನ್‌ರನ್ನು ಕೇಳಿಕೊಂಡು ಚೀಟಿಯಿಂದ ತನ್ನ ಹೆಸರನ್ನೂ ಕೊಡುಗೆ ಎಂಬ ಮಾತನ್ನೂ ತೆಗೆಸಿದ್ದಾಳೆ. ಈಗ ಅಲ್ಲಿ ಇರುವುದು ಇಷ್ಟೇ: "ಮೇಚೇಮ್‌ನ ನುವಾನ್ ತನ್ನ ಕೊನೆಯ ದಿನಕ್ಕೆಂದು ನೇಯ್ದ ಸಿನ್."

ಮೊನ್ನೆ ಒಬ್ಬ ಹೆಂಗಸು ಆ ಚೀಟಿ ಓದಿ, ಬಾಗಿಲಲ್ಲಿದ್ದ ಇಂತಾನ ಕಡೆ ತಿರುಗಿ, "ಕೊನೇ ದಿನಕ್ಕೆ ಅಂತ ನೇಯ್ದಿದ್ದು ಇಲ್ಲಿಗೆ ಹೇಗೆ ಬಂತು? ಯಾರು ತಂದ್ರು?" ಎಂದು ಕೇಳಿದಳು. ಇಂತಾ ತಬ್ಬಿಬ್ಬಾಗಿ ಕಿಟಕಿಯ ಕಡೆ ನೋಡಿದ.

ಗಾಜಿನ ಪಕ್ಕದಲ್ಲಿ ನಿಂತಿದ್ದ ಬುವಾಫನ್ ಛತ್ರಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡಳು.

"ನಾನು ತಂದೆ," ಎಂದಳು. "ಅವರನ್ನ ಕೇಳದೆ."